ಸೈರಂಧ್ರಿಗೊಂದು ಪರವಾನಗಿ

ನನ್ನ ತಂಗಿಯ ಮುಖ ಊದಿಕೊಂಡದ್ದು ಅವಳ ಮಗಳ ಮದುವೆಗೆ ಎರಡು ದಿನ ಮುಂಚೆ. ಅಂಗಳದಲ್ಲಿ ಚಪ್ಪರದವರು ಗಳು ನೆಡುತ್ತಿದ್ದರು. ಒಳಗೆ ಹೆಂಗಸರು ಲಾಡು ಚಿರೋಟಿಗಳ ಲೆಕ್ಕದಲ್ಲಿ ಮುಳುಗಿದ್ದರು. ಬೆಳಗಿನ ಆರು ಗಂಟೆಗೆ ಅವಳು ಕೋಣೆಯಿಂದ ಹೊರಕ್ಕೆ ಬಂದಾಗ, ಸದಾ ಅವಳ ಸೆರಗಿಗೆ ಜೋತುಬೀಳುವ ಮೊಮ್ಮಗು ಗುರುತು ಹತ್ತದೆ ಚೀರತೊಡಗಿತು. ಕಣ್ಣುಗಳು ಎರಡು ಗೆರೆಗಳಾಗಿದ್ದವು. ಹಣೆಯ ಅಂಚಿನಿಂದ ಕಿವಿಯ ಹಿಂಭಾಗದವರೆಗೆ ಚರ್ಮ ಕೆಂಪೇರಿ, ಅಲ್ಲಲ್ಲಿ ಗುಳ್ಳೆಗಳೆದ್ದು ನೀರು ಜಿನುಗುತ್ತಿತ್ತು. "ಅಣ್ಣ, ಯಾರದೋ ಕಣ್ಣು ಬಿತ್ತು" ಎಂದಳು. ನಮ್ಮ ಅತ್ತಿಗೆ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಹುಡುಕಲು ಹೋದರು. ನಾನು ಆಟೋ ಹುಡುಕಲು ಹೋದೆ.

ಚರ್ಮರೋಗದ ವೈದ್ಯರು ಹೆಚ್ಚೇನೂ ಪರೀಕ್ಷಿಸಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ತಲೆಗೆ ಬಣ್ಣ ಯಾವಾಗ ಹಾಕಿಸಿಕೊಂಡಿರಿ?"

"ಮೊನ್ನೆ ಮಧ್ಯಾಹ್ನ. ಆದರೆ ಡಾಕ್ಟರೆ, ಹನ್ನೆರಡು ವರ್ಷದಿಂದ ಹಾಕಿಕೊಳ್ಳುತ್ತಿದ್ದೇನೆ. ಒಂದು ದಿನವೂ ಏನೂ ಆದದ್ದಿಲ್ಲ."

"ಹನ್ನೆರಡು ವರ್ಷ ಹಾಕಿಕೊಂಡದ್ದರಿಂದಲೇ ಈಗ ಆಗಿದೆಯಮ್ಮ" ಎಂದರು ಅವರು.

ಕಪ್ಪು ತಲೆಬಣ್ಣಗಳಲ್ಲಿ ಬಹುಪಾಲಿಗೆ ಆಧಾರವಾಗಿರುವುದು ಪ್ಯಾರಾಫಿನಿಲೀನ್ ಡೈಅಮೀನ್ ಎಂಬ ವಸ್ತು. ಕಲ್ಲಿದ್ದಲ ಟಾರಿನಿಂದ ಹುಟ್ಟಿದ ಬಣ್ಣಗಳ ವಂಶಕ್ಕೆ ಸೇರಿದ್ದು. ಅದರ ಅಣು ಬಹಳ ಸಣ್ಣದು. ಕೂದಲಿನೊಳಕ್ಕೆ ಸುಲಭವಾಗಿ ನುಸುಳುತ್ತದೆ. ಜೊತೆಗೆ ಕಲಸಿದ ಹೈಡ್ರೋಜನ್ ಪೆರಾಕ್ಸೈಡು ತಾಗಿದೊಡನೆ ಆ ಅಣುಗಳು ಅಲ್ಲಿಯೇ ಒಂದಕ್ಕೊಂದು ಹೆಣೆದುಕೊಂಡು, ದೊಡ್ಡವಾಗಿ, ಕಪ್ಪಾಗಿ, ಹೊರಬರಲಾರದೆ ನಿಂತುಬಿಡುತ್ತವೆ. ಎಷ್ಟು ತೊಳೆದರೂ ಬಣ್ಣ ಹೋಗದ ಗುಟ್ಟು ಇದೇ. ಆದರೆ ಕೂದಲಿನೊಳಕ್ಕೆ ನುಸುಳಬಲ್ಲದ್ದು ಚರ್ಮದೊಳಕ್ಕೂ ನುಸುಳಬಲ್ಲದು. ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಗುರುತಿಟ್ಟುಕೊಳ್ಳುವ ದಿನ ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಎಂದೋ ಒಂದು ಸಲ, ಹಚ್ಚಿದ ಒಂದೆರಡು ದಿನದ ಮೇಲೆ, ಸೇನೆ ಏಳುತ್ತದೆ. ಇಷ್ಟು ವರ್ಷ ಏನೂ ಆಗಲಿಲ್ಲವೆಂಬುದು ಆದ್ದರಿಂದ ಅಭಯವಲ್ಲ. ಜಾತ್ರೆಗಳಲ್ಲಿ ಮಕ್ಕಳ ಕೈಮೇಲೆ ಬರೆಯುವ 'ಕಪ್ಪು ಮದರಂಗಿ'ಯಿಂದಲೂ ಈ ಹಗೆತನ ಮೊದಲಾಗಬಹುದಂತೆ. ನಿಜವಾದ ಮದರಂಗಿ ಕೊಡುವುದು ಕೆಂಗಂದು ಬಣ್ಣವನ್ನು. ಅದು ಇದ್ದಿಲಿನಂತೆ ಕಪ್ಪಗೆ ಕಂಡರೆ ಅದರೊಳಗೆ ಈ ಪದಾರ್ಥವನ್ನು ಯಾರೋ ಬೆರೆಸಿದ್ದಾರೆಂದು ಶಂಕಿಸಬೇಕು.

ಇಷ್ಟು ಹೇಳಿ ವೈದ್ಯರು ಔಷಧಿ ಬರೆದುಕೊಟ್ಟು, "ಹಚ್ಚಿದ ಬಣ್ಣದ ಪೊಟ್ಟಣ ಸಿಕ್ಕರೆ ತನ್ನಿ, ಒಮ್ಮೆ ನೋಡೋಣ" ಎಂದರು. ಹೀಗೆ, ಅರವತ್ತೆಂಟು ವರ್ಷ ಬದುಕಿದ ಮೇಲೆ, ನಾನು ಮೊದಲ ಬಾರಿಗೆ ಒಂದು ಬ್ಯೂಟಿ ಪಾರ್ಲರಿನ ಮೆಟ್ಟಿಲು ಹತ್ತಿದೆ. ಮೈಸೂರಿನ ನಮ್ಮ ಬಡಾವಣೆಯದೇ ಒಂದು ಅಡ್ಡರಸ್ತೆ. ದಿನಸಿ ಅಂಗಡಿಯ ಮೇಲಿನ ಒಂದು ಕೋಣೆ. ಬಾಗಿಲಿಗೆ ಗುಲಾಬಿ ಪರದೆ, 'ಮಹಿಳೆಯರಿಗೆ ಮಾತ್ರ' ಎಂಬ ಹಲಗೆ. ಹೊರಗೆ ನಿಂತು ಕೆಮ್ಮಿದೆ. ಪರದೆ ಸರಿಸಿ ಹೊರಗೆ ಬಂದ ಹೆಣ್ಣುಮಗಳು ನನ್ನನ್ನು ನೋಡಿ ಗಾಬರಿಯಿಂದ, "ಸಾರ್, ನೀವಾ!" ಎಂದಳು. ನನ್ನ ವಿದ್ಯಾರ್ಥಿನಿ. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನಿಂದ ಕನ್ನಡ ಕಲಿತವಳು.

ಸಂಗತಿ ಕೇಳಿ ಅವಳ ಮುಖ ಬಿಳಿಚಿತು. ಮಾತಾಡದೆ ಒಳಗೆ ಹೋದಳು. ಪ್ಲಾಸ್ಟಿಕ್ ಬುಟ್ಟಿಯನ್ನು ನೆಲದ ಮೇಲೆ ಬೋರಲು ಹಾಕಿ, ಕೂದಲು ಹತ್ತಿಗಳ ನಡುವೆ ಕೈಯಾಡಿಸಿ, ಖಾಲಿ ಪೊಟ್ಟಣವೊಂದನ್ನು ಹುಡುಕಿ ತೆಗೆದಳು. ಅದರೊಳಗೆ ಎಂಟು ಮಡಿಕೆಯಾಗಿ ಮಡಿಸಿದ ಒಂದು ಕಾಗದ, ಬಿಚ್ಚಿಯೇ ಇರಲಿಲ್ಲ, ಹಾಗೆಯೇ ಇತ್ತು.

ಆ ಕಾಗದವನ್ನು ನಾನು ಅಂದು ರಾತ್ರಿ, ಮದುವೆಮನೆಯ ಗದ್ದಲದ ನಡುವೆ, ಭೂತಗನ್ನಡಿ ಹಿಡಿದು ಓದಿದೆ. ಅನೇಕ ಭಾಷೆಗಳ ನಡುವೆ ಕನ್ನಡಕ್ಕೂ ಹೆಬ್ಬೆಟ್ಟಿನಗಲದ ಜಾಗವಿತ್ತು. ಅದರ ತಾತ್ಪರ್ಯ ಇಷ್ಟು: ಈ ಪದಾರ್ಥ ಕೆಲವರ ಚರ್ಮಕ್ಕೆ ಉರಿ ಉಂಟುಮಾಡಬಹುದು, ಆದಕಾರಣ ಕಿವಿಯ ಹಿಂದೆ ಅಥವಾ ಮುಂಗೈಯ ಒಳಮೈಯಲ್ಲಿ ಸ್ವಲ್ಪ ಜಾಗವನ್ನು ತೊಳೆದು, ಕಲಸಿದ ಬಣ್ಣವನ್ನು ಅಲ್ಲಿ ಲೇಪಿಸಿ, ಒಣಗಿಸಿ, ೨೪ ಗಂಟೆ ಬಿಟ್ಟು ನೋಡಬೇಕು, ಏನೂ ಆಗದಿದ್ದರೆ ಮಾತ್ರ ತಲೆಗೆ ಹಚ್ಚಬೇಕು, ಈ ಪರೀಕ್ಷೆಯನ್ನು ಪ್ರತಿಯೊಂದು ಸಲವೂ ಮಾಡಬೇಕು. ಇನ್ನೊಂದು ಮಾತು: ಹುಬ್ಬಿಗೂ ರೆಪ್ಪೆಗೂ ಹಚ್ಚಬಾರದು, ಹಚ್ಚಿದರೆ ಕಣ್ಣು ಹೋಗಬಹುದು.

ಕಣ್ಣು ಹೋಗಬಹುದು! ದಿನಸಿ ಅಂಗಡಿಯಲ್ಲಿ ಸೋಪು ಶೀಗೇಕಾಯಿಗಳ ಪಕ್ಕದಲ್ಲಿ ಮಾರುವ ವಸ್ತುವಿನ ಮೇಲೆ ಈ ಮಾತು. ಭಾಷೆಯ ಮೇಷ್ಟರಾದವರಿಗೆ ಒಂದು ದುರಭ್ಯಾಸವುಂಟು. ಒಂದು ವಾಕ್ಯ ಕಣ್ಣಿಗೆ ಬಿದ್ದರೆ ಅದು ಎಲ್ಲಿಂದ ಬಂತೆಂದು ಬೆನ್ನು ಹತ್ತುತ್ತೇವೆ. ಈ ವಾಕ್ಯದ ಬೆನ್ನು ಹತ್ತಿದವನು ಅಮೆರಿಕದ ಒಹಾಯೊ ಸಂಸ್ಥಾನಕ್ಕೆ ಹೋಗಿ ಮುಟ್ಟಿದೆ.

೧೯೩೩ರಲ್ಲಿ ಅಲ್ಲಿನ ಡೇಟನ್ ನಗರದ ಒಬ್ಬ ಗೃಹಿಣಿ ಶಾಲೆಯ ಪಾಲಕರ ಸಂಘದ ಒಂದು ಸಮಾರಂಭಕ್ಕೆ ಸಿದ್ಧಳಾಗಲು ಪಾರ್ಲರಿಗೆ ಹೋದಳು. ಅಲ್ಲಿ ಅವಳ ಹುಬ್ಬು ರೆಪ್ಪೆಗಳಿಗೆ 'ಲ್ಯಾಶ್ ಲೂರ್' ಎಂಬ ಬಣ್ಣ ಹಚ್ಚಿದರು. ಅದೂ ನಮ್ಮ ಈ ಕಲ್ಲಿದ್ದಲ ವಂಶದ ಬಣ್ಣವೇ. ಕಣ್ಣು ಉರಿಯಿತು, ಊದಿತು, ಹುಣ್ಣಾಯಿತು, ದೃಷ್ಟಿ ಹೋಯಿತು. ಹೀಗೆ ಕಣ್ಣು ಕಳೆದುಕೊಂಡವಳು ಅವಳೊಬ್ಬಳೇ ಅಲ್ಲ. ಆ ಬಣ್ಣದಿಂದ ಸಾವೂ ಸಂಭವಿಸಿತು. ಆದರೂ ಸರ್ಕಾರ ಒಂದು ಡಬ್ಬಿಯನ್ನೂ ಜಪ್ತು ಮಾಡಲಾರದೆ ಹೋಯಿತು. ಏಕೆಂದರೆ ಅವರ ೧೯೦೬ರ ಕಾನೂನು ಆಹಾರ ಔಷಧಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಸೌಂದರ್ಯದ ಸಾಮಗ್ರಿ ಅದರ ಬೇಲಿಯ ಹೊರಗಿತ್ತು. ಕೈಕಟ್ಟಿ ಕುಳಿತ ಅಧಿಕಾರಿಗಳು ಕೊನೆಗೆ ಒಂದು ಉಪಾಯ ಮಾಡಿದರು. ಇಂಥ ಡಬ್ಬಿಗಳನ್ನೂ, ಅವನ್ನು ಬಳಸುವ ಮೊದಲಿನ ಮತ್ತು ಬಳಸಿದ ಮೇಲಿನ ಮುಖಗಳ ಚಿತ್ರಗಳನ್ನೂ ಸೇರಿಸಿ ಒಂದು ಪ್ರದರ್ಶನ ಕಟ್ಟಿದರು. ಪತ್ರಿಕೆಯವರು ಅದನ್ನು ಘೋರಗಳ ಕೊಠಡಿಯೆಂದು ಕರೆದರು. ಆ ಹೆಸರಿನಲ್ಲೇ ರೂತ್ ಲ್ಯಾಂಬ್ ೧೯೩೬ರಲ್ಲಿ ಒಂದು ಪುಸ್ತಕ ಬರೆದಳು. ಐದು ವರ್ಷದ ಜಗ್ಗಾಟದ ಮೇಲೆ ೧೯೩೮ರಲ್ಲಿ ಹೊಸ ಕಾನೂನು ಬಂತು. ಅದರ ಅಡಿಯಲ್ಲಿ ಮೊದಲು ಜಪ್ತಾದ ವಸ್ತು ಆ ಲ್ಯಾಶ್ ಲೂರೇ.

ಇಲ್ಲಿಯವರೆಗೆ ಇದು ನ್ಯಾಯ ಗೆದ್ದ ಕಥೆ. ಆದರೆ ಆ ಕಾನೂನಿನೊಳಗೆ ಒಂದು ಕಿಂಡಿಯಿದೆ. ಮೈಗೆ ಹಾನಿ ಮಾಡುವ ಪ್ರಸಾಧನ ವಸ್ತುವನ್ನು ಮಾರಕೂಡದೆಂದು ವಿಧಿಸಿದ ಶಾಸನವೇ, ಕಲ್ಲಿದ್ದಲ ವಂಶದ ತಲೆಬಣ್ಣಕ್ಕೆ ವಿನಾಯಿತಿ ಕೊಟ್ಟಿತು. ಪೊಟ್ಟಣದ ಮೇಲೆ ಒಂದು ಎಚ್ಚರಿಕೆಯನ್ನು ಅಚ್ಚುಹಾಕಿದರೆ ಸಾಕು ಎಂದಿತು. ನಾನು ಭೂತಗನ್ನಡಿಯಲ್ಲಿ ಓದಿದ ವಾಕ್ಯ ಅದೇ. ನಮ್ಮಲ್ಲಿ ೧೯೪೦ರ ಔಷಧ ಕಾಯಿದೆಗೆ ೧೯೬೨ರಲ್ಲಿ ತಿದ್ದುಪಡಿಯಾಗಿ ಕಾಂತಿವರ್ಧಕಗಳೂ ಅದರೊಳಗೆ ಸೇರಿದವು. ಅದರ ನಿಯಮಗಳಲ್ಲಿ ತಲೆಬಣ್ಣದ ಪ್ರಕರಣಕ್ಕೆ ಬಂದಾಗ ಆ ಅಮೆರಿಕದ ಒಕ್ಕಣೆ ಹೆಚ್ಚುಕಡಿಮೆ ಹಾಗೆಯೇ ಇಳಿದು ಬಂತು. ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ ಇರಬೇಕೆಂಬ ಒಂದು ಒಳ್ಳೆಯ ಮಾತನ್ನು ನಮ್ಮವರು ಸೇರಿಸಿದರು. ೨೦೨೦ರ ಕಾಂತಿವರ್ಧಕ ನಿಯಮಗಳಲ್ಲೂ ಅದು ಮುಂದುವರಿಯಿತು. ಡೇಟನ್ನಿನ ಆ ಹೆಂಗಸಿನ ಕಣ್ಣಿನಿಂದ ಹೊರಟ ವಾಕ್ಯ ಹೀಗೆ ಸಮುದ್ರ ದಾಟಿ, ಕನ್ನಡವಾಗಿ, ಎಂಟು ಮಡಿಕೆಯಾಗಿ, ನಮ್ಮ ಬಡಾವಣೆಯ ಕಸದ ಬುಟ್ಟಿಗೆ ಬಂದು ಬಿದ್ದಿತ್ತು.

ಮದುವೆ ನಡೆಯಿತು. ತಂಗಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಧಾರೆಗೆ ಕುಳಿತಳು. ಫೋಟೋದವರು ಅವಳ ಕಡೆ ತಿರುಗಿದಾಗಲೆಲ್ಲ ಮುಖ ತಿರುಗಿಸಿದಳು. ಮಗಳ ಮದುವೆಯ ಆಲ್ಬಮ್ಮಿನಲ್ಲಿ ತಾಯಿಯ ಮುಖವಿಲ್ಲ.

ಎಂಟು ದಿನ ಬಿಟ್ಟು ನಾನು ಮತ್ತೆ ಆ ಪಾರ್ಲರಿಗೆ ಹೋದೆ. ಸಿಟ್ಟಿನಿಂದ ಹೋದೆನೆಂದರೆ ಸುಳ್ಳಾಗದು. ಗಿರಾಕಿಗಳಿಲ್ಲದ ಮಧ್ಯಾಹ್ನ, ಅವಳು ಕುರ್ಚಿ ಒರೆಸಿ ಹೊರಗಿಟ್ಟಳು.

"ಆ ಚೀಟಿಯನ್ನು ನೀನು ಯಾವತ್ತಾದರೂ ಓದಿದ್ದೀಯಾ?" ಎಂದೆ.

"ಇಲ್ಲ ಸಾರ್."

"ನಿನಗೆ ಕೆಲಸ ಕಲಿಸಿದವರು?"

"ಅವರೂ ಓದಿರಲಿಕ್ಕಿಲ್ಲ. ಒಬ್ಬ ಅಕ್ಕನ ಹತ್ತಿರ ಮೂರು ತಿಂಗಳು ಕಲಿತೆ ಸಾರ್. ನೆಲ ಗುಡಿಸಿದೆ, ಟವಲ್ ಒಗೆದೆ, ನೋಡಿ ನೋಡಿ ಕಲಿತೆ. ಎರಡೂ ಟ್ಯೂಬು ಸಮಸಮ ಕಲಸಬೇಕು, ಮೂವತ್ತು ನಿಮಿಷ ಬಿಡಬೇಕು. ಅಷ್ಟೇ ಹೇಳಿಕೊಟ್ಟದ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ಈಗ ಓದಿದೆ. ಆದರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡಿಕೋಬೇಡಿ. ಬಣ್ಣ ಹಾಕಿಸಿಕೊಳ್ಳೋಕೆ ಬಂದವರಿಗೆ, ಇವತ್ತು ಕಿವಿ ಹಿಂದೆ ಹಚ್ತೀನಿ, ನಾಳೆ ಬನ್ನಿ ಅಂದರೆ ಯಾರು ಬರ್ತಾರೆ? ಈ ಒಂದು ರಸ್ತೇಲಿ ನಾಲ್ಕು ಪಾರ್ಲರ್ ಇದೆ. ಇವಳಿಗೆ ಕೆಲಸ ಬರಲ್ಲ ಅಂದುಕೊಂಡು ಪಕ್ಕದ್ದಕ್ಕೆ ಹೋಗ್ತಾರೆ. ನಾಲ್ಕು ಜನಾನೂ ಹಾಗೇ ಹೇಳಬೇಕು ಅಂತ ಇದ್ದರೆ ನಾನೂ ಹೇಳ್ತೀನಿ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಶಾಸನವೆಂದರೆ ಕೆಟ್ಟವರನ್ನು ಹಿಡಿಯುವ ಬಲೆಯೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಒಳ್ಳೆಯವಳೊಬ್ಬಳಿಗೆ ಒಳ್ಳೆಯವಳಾಗಿರಲು ಬೇಕಾದ ಆಸರೆಯೂ ಅದೇ ಎಂಬುದನ್ನು ನನಗೆ ಹೇಳಿಕೊಟ್ಟವಳು ಈ ಹುಡುಗಿ. ನಾಲ್ಕು ಅಂಗಡಿಗೂ ಒಂದೇ ಕಟ್ಟಳೆಯಿದ್ದರೆ ಅವಳ ಎಚ್ಚರಿಕೆ ಅವಳಿಗೆ ನಷ್ಟವಾಗುವುದಿಲ್ಲ. ಇಲ್ಲದಿದ್ದರೆ ಎಲ್ಲರಿಗಿಂತ ಅವಸರದವಳೇ ಬೀದಿಗೆ ನಿಯಮ ಹಾಕುತ್ತಾಳೆ.

ಹೊರಡುವಾಗ ಅವಳು ನಗುತ್ತ, "ನೀವು ಸೈರಂಧ್ರಿ ಪಾಠ ಮಾಡಿದ್ದು ನೆನಪಿದೆ ಸಾರ್" ಎಂದಳು. ನನಗೂ ನೆನಪಾಯಿತು. ಅಜ್ಞಾತವಾಸದ ದ್ರೌಪದಿ ವಿರಾಟನ ರಾಣಿ ಸುದೇಷ್ಣೆಯ ಮುಂದೆ ನಿಂತು, ತಾನು ಕೇಶಾಲಂಕಾರ ಬಲ್ಲೆ, ಅನುಲೇಪನಗಳನ್ನು ಅರೆಯಬಲ್ಲೆ, ಮಾಲೆ ಕಟ್ಟಬಲ್ಲೆ ಎಂದು ಕೆಲಸ ಕೇಳುವ ಪ್ರಸಂಗ. ವ್ಯಾಸಭಾರತದಲ್ಲಿ ಅವಳು ಎಂಜಲು ಉಣ್ಣುವುದಿಲ್ಲ, ಕಾಲು ತೊಳೆಯುವುದಿಲ್ಲ ಎಂಬ ಸೂಚನೆಯನ್ನೂ ಕೊಡುತ್ತಾಳೆ. ತನ್ನನ್ನು ಐವರು ಗಂಧರ್ವರು ಕಾಯುತ್ತಾರೆ ಎನ್ನುತ್ತಾಳೆ. ಪ್ರಸಾಧಿಕೆಯೊಬ್ಬಳು ತನ್ನ ವಿದ್ಯೆಯನ್ನೂ ಕೆಲಸದ ಕರಾರನ್ನೂ ಒಟ್ಟಿಗೆ ಹೇಳಿದ್ದು ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ನಾನು ಕಂಡಿಲ್ಲ. (ಕರಾರು ಮುರಿಯಿತು, ಕೀಚಕ ಬಂದ, ಅದು ಬೇರೆ ಮಾತು.) ಈ ಪಾಠವನ್ನು ನಾನು ಬಹಳ ರಸವತ್ತಾಗಿ ಮಾಡುತ್ತಿದ್ದೆನೆಂದು ಪ್ರಸಿದ್ಧಿ. ಅಲಂಕಾರ, ಸಮಾಸ, ಸಂಧಿ ಎಲ್ಲವನ್ನೂ ಬಿಡಿಸುತ್ತಿದ್ದೆ. ಪೊಟ್ಟಣದ ಮೇಲಿನ ಕನ್ನಡವನ್ನು ಓದಬೇಕೆಂದು ಒಂದು ದಿನವೂ ಹೇಳಿದವನಲ್ಲ. ಅವಳ ಮೇಲೆ ತಂದ ಸಿಟ್ಟಿನಲ್ಲಿ ಅರ್ಧವನ್ನು ನಾನು ವಾಪಸು ಮನೆಗೆ ತರಬೇಕಾಯಿತು.

ನಮ್ಮ ದೇಶದ ಸ್ಥಿತಿ ವಿಚಿತ್ರವಾಗಿದೆ. ತಲೆಬಣ್ಣ ತಯಾರಿಸುವವನಿಗೆ ಲೈಸೆನ್ಸು ಬೇಕು. ಅವನು ಹಾಕುವ ಬಣ್ಣದಲ್ಲಿ ಸೀಸ, ಆರ್ಸೆನಿಕ್ ಇರಕೂಡದು. ಪೊಟ್ಟಣದ ಮೇಲೆ ಏನು ಬರೆಯಬೇಕೆಂಬುದು ಅಕ್ಷರಶಃ ನಿಗದಿಯಾಗಿದೆ. ಆದರೆ ಆ ಪೊಟ್ಟಣವನ್ನು ಹರಿದು ಇನ್ನೊಬ್ಬರ ನೆತ್ತಿಗೆ ಹಚ್ಚುವ ಕೈಗೆ ಯಾವ ಪರೀಕ್ಷೆಯೂ ಇಲ್ಲ, ಯಾವ ಲೈಸೆನ್ಸೂ ಇಲ್ಲ. ಪುರಸಭೆ ನಗರಪಾಲಿಕೆಗಳು ಕೊಡುವ ವ್ಯಾಪಾರದ ಪರವಾನಗಿ ಅಂಗಡಿಗೆ ಸೇರಿದ್ದು, ಕೈಗಲ್ಲ. ಕಲಿಯುವ ಮನಸ್ಸಿದ್ದವರಿಗೆ ದಾರಿಯಿಲ್ಲವೆಂದಲ್ಲ. ಐ.ಟಿ.ಐ.ಗಳಲ್ಲಿ ಒಂದು ವರ್ಷದ ಪಾಠಕ್ರಮವಿದೆ. ೧೯೮೨ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಊಟ ವಸತಿ ಕೊಟ್ಟು ಸುಮಾರು ಒಂದು ತಿಂಗಳು ಈ ಕಸುಬನ್ನು ಉಚಿತವಾಗಿ ಕಲಿಸುತ್ತವೆ. ಕೇಂದ್ರ ಸರ್ಕಾರದ ೨೦೨೩ರ ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ಕ್ಷೌರಿಕರದೂ ಒಂದು. ಕೆಲವು ದಿನಗಳ ತರಬೇತಿಗೆ ದಿನಕ್ಕೆ ೫೦೦ ರೂಪಾಯಿ ಭತ್ಯೆಯನ್ನು ಅದರಲ್ಲಿ ಗೊತ್ತುಮಾಡಿದರು. ಇವೆಲ್ಲ ಒಳ್ಳೆಯವೇ. ಆದರೆ ಕಲಿತರೂ ಸರಿ, ಕಲಿಯದಿದ್ದರೂ ಸರಿ, ಅಂಗಡಿ ತೆರೆಯಲು ಅಡ್ಡಿಯಿಲ್ಲ.

ಅಡ್ಡಿಯೇಕಿರಬೇಕು, ಇದೇನು ಶಸ್ತ್ರಚಿಕಿತ್ಸೆಯೆ, ಎಂದು ಕೇಳುವವರುಂಟು. ನಾನೂ ಹಾಗೆಯೇ ಕೇಳುತ್ತಿದ್ದೆ. ಲಂಡನ್ನಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ೧೫೪೦ರಿಂದ ಒಂದೇ ಸಂಘದಲ್ಲಿದ್ದು ೧೭೪೫ರಲ್ಲಿ ಬೇರೆಯಾದರೆಂಬುದನ್ನು ಓದಿದ ಮೇಲೆ, ಇವೆರಡರ ನಡುವಿನ ಗೋಡೆ ನಾವು ತಿಳಿದಷ್ಟು ದಪ್ಪನಾದುದಲ್ಲ ಎನ್ನಿಸಿತು. ಒಬ್ಬರ ಕೆನ್ನೆಗೆ ತಾಗಿ ರಕ್ತ ಕಂಡ ಅಲಗು ಇನ್ನೊಬ್ಬರ ಕೆನ್ನೆಗೆ ಹೋಗುವುದನ್ನು ನೋಡಿ: ಹೆಪಟೈಟಿಸ್ ಬಿ ರೋಗದ ವೈರಸ್ಸು ದೇಹದ ಹೊರಗೂ ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ಅಲಗನ್ನು ಬದಲಾಯಿಸುವವರೂ ಎಲ್ಲರ ಗಾಯಕ್ಕೂ ಒಂದೇ ಪಟಿಕದ ತುಂಡನ್ನು ಉಜ್ಜುತ್ತಾರೆ. ಹುಬ್ಬು ತಿದ್ದುವಾಗ ದಾರದ ಒಂದು ತುದಿ ತಿದ್ದುವವಳ ಹಲ್ಲಿನಲ್ಲಿರುತ್ತದೆ. ತಲೆ ತೊಳೆಯುವ ತೊಟ್ಟಿಯ ಅಂಚಿಗೆ ಕತ್ತನ್ನು ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಇಟ್ಟರೆ, ಮಿದುಳಿಗೆ ರಕ್ತ ಒಯ್ಯುವ ನಾಳ ಅದುಮಿ ಪಾರ್ಶ್ವವಾಯುವಿನ ಲಕ್ಷಣಗಳು ಕಾಣಿಸಬಹುದೆಂದು, ಐವರು ಹೆಂಗಸರ ಉದಾಹರಣೆಯೊಂದಿಗೆ ವೈನ್‌ಟ್ರಾಬ್ ಎಂಬ ವೈದ್ಯರು ೧೯೯೩ರಲ್ಲಿಯೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಬರೆದರು. ಕತ್ತಿನ ಕೆಳಗೆ ಮಡಿಸಿದ ಟವಲ್ ಒಂದು, ಮತ್ತು 'ತಲೆ ಸುತ್ತುತ್ತಿದೆಯೇನಮ್ಮ' ಎಂಬ ಪ್ರಶ್ನೆಯೊಂದು. ಇಷ್ಟು ಮಾತ್ರವೇ ಅದಕ್ಕೆ ಬೇಕಾದ ಎಚ್ಚರ.

ಗುಂಗುರು ಕೂದಲನ್ನು ನೇರ ಮಾಡುವ ಪದಾರ್ಥಗಳದು ಇನ್ನೂ ಹೊಸ ಅಧ್ಯಾಯ. ಮೊದಲು ಅವುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಅದರ ಹೆಸರು ಕೆಟ್ಟಮೇಲೆ ಗ್ಲೈಆಕ್ಸಿಲಿಕ್ ಆಮ್ಲ ಬಂತು. ಟ್ಯುನಿಸ್ ನಗರದ ಸಲೂನಿನಲ್ಲಿ ಹೀಗೆ ಕೂದಲು ನೇರಮಾಡಿಸಿಕೊಂಡ ಯುವತಿಯೊಬ್ಬಳಿಗೆ ಮೂರು ಸಲವೂ ಮೂತ್ರಪಿಂಡ ಕೆಟ್ಟ ಸಂಗತಿಯನ್ನು ಫ್ರಾನ್ಸಿನ ವೈದ್ಯರು ೨೦೨೪ರಲ್ಲಿ ಪ್ರಕಟಿಸಿದರು. ಇಲಿಗಳ ಮೈಗೆ ಹಚ್ಚಿ ನೋಡಿದಾಗ ಅದು ಅವುಗಳ ಮೂತ್ರಪಿಂಡದಲ್ಲಿ ಹರಳಾಗಿ ಕಂಡಿತು. ಅಷ್ಟು ದೂರವೇಕೆ, ನೆರೆಯ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಒಂದು ಅಪರೂಪದ ರೋಗ ಹೆಚ್ಚುತ್ತಿರುವುದನ್ನು ಕಂಡು ಕಾರಣ ಹುಡುಕಿದರು. ಒಂದು ಬಗೆಯ ೧೫ ರೋಗಿಗಳಲ್ಲಿ ೧೩ ಮಂದಿ ಮೈ ಬೆಳ್ಳಗಾಗಿಸುವ ಮುಲಾಮು ಬಳಸಿದ್ದರು, ಮುಲಾಮಿನಲ್ಲಿ ಪಾದರಸವಿತ್ತು. ೨೦೨೦ರ ನಿಯಮಗಳು ಇಂಥ ಮುಲಾಮಿಗೆ ಹತ್ತು ಲಕ್ಷದಲ್ಲಿ ಒಂದು ಭಾಗ ಪಾದರಸವೆಂಬ ಮಿತಿ ಹಾಕಿದ್ದವು, ಅದೂ ಅರಿಯದೆ ಸೇರಿದ್ದಕ್ಕೆ ಮಾತ್ರ. ಆದರೆ ತಯಾರಕನ ವಿಳಾಸವೇ ಇಲ್ಲದ ಡಬ್ಬಿಗೆ ಯಾವ ನಿಯಮ? ಅಂಥದನ್ನು ಎತ್ತಿ ನೋಡಿ, 'ಇದರ ಮೇಲೆ ಏನೂ ಬರೆದಿಲ್ಲ, ನಾನು ಮುಟ್ಟುವುದಿಲ್ಲ' ಎನ್ನಬೇಕಾದದ್ದು ಪಾರ್ಲರಿನ ಕೈಯೇ. ಡಬ್ಬಿಯ ಕಾನೂನು ಸೋತಲ್ಲಿ ಉಳಿಯುವುದು ಅದೊಂದೇ ಕಾವಲು.

ಹಾಗಾದರೆ ಕೈಗೂ ಲೈಸೆನ್ಸು ವಿಧಿಸಿಬಿಡೋಣವೆ? ಅಮೆರಿಕದವರು ಎಂದೋ ವಿಧಿಸಿದ್ದಾರೆ. ಕ್ಷೌರಿಕರಿಗೆ ಮೊದಲು ಲೈಸೆನ್ಸಿನ ಕಾನೂನು ಮಾಡಿದ್ದು ಮಿನಸೋಟ ಸಂಸ್ಥಾನ, ೧೮೯೭ರಲ್ಲಿ. ಆಮೇಲೆ ಒಂದೊಂದಾಗಿ ಎಲ್ಲ ಸಂಸ್ಥಾನಗಳೂ ಪ್ರಸಾಧನದ ಕಸುಬಿಗೆ ಶಾಲೆ, ಗಂಟೆ, ಪರೀಕ್ಷೆಗಳನ್ನು ಗೊತ್ತುಮಾಡಿದವು. ವಿಪರ್ಯಾಸ ನೋಡಿ: ಅಲ್ಲಿ ತಲೆಬಣ್ಣದ ಡಬ್ಬಿಗೆ ಕಾನೂನಿನಲ್ಲೇ ವಿನಾಯಿತಿ, ಅದನ್ನು ಹಚ್ಚುವ ಕೈಗೆ ಸಾವಿರಾರು ಗಂಟೆಗಳ ಶಿಕ್ಷಣ, ಇಲ್ಲಿ ಡಬ್ಬಿಗೆ ಲೈಸೆನ್ಸು, ಕೈಗೆ ಸಂಪೂರ್ಣ ಸ್ವಾತಂತ್ರ್ಯ.

ಆ ಸಾವಿರಾರು ಗಂಟೆ ಯಾರಿಗೆ ಮುಳ್ಳಾಯಿತೆಂಬುದನ್ನೂ ಹೇಳಬೇಕು. ಆಫ್ರಿಕ ಮೂಲದ ಹೆಂಗಸರು ತಾಯಿಯಿಂದ ಮಗಳಿಗೆ ಬಂದ ಜಡೆ ಹೆಣೆಯುವ ವಿದ್ಯೆಯಿಂದ ಅಲ್ಲಿ ಜೀವನ ನಡೆಸುತ್ತಾರೆ. ಅವರು ರಾಸಾಯನಿಕ ಮುಟ್ಟುವುದಿಲ್ಲ, ಕತ್ತರಿ ಆಡಿಸುವುದಿಲ್ಲ. ಬೆರಳೇ ಅವರ ಉಪಕರಣ. ಆದರೂ ಕ್ಯಾಲಿಫೋರ್ನಿಯದಲ್ಲಿ ಅವರು ೧೬೦೦ ಗಂಟೆಗಳ ಶಿಕ್ಷಣ ಪಡೆಯಬೇಕಾಗಿತ್ತು. ಶುಲ್ಕ ಕೊಟ್ಟು ಕಲಿಯಬೇಕಾದ ಆ ಪಾಠಗಳಲ್ಲಿ ಜಡೆ ಹೆಣೆಯುವುದಕ್ಕೆ ಸಂಬಂಧಿಸಿದ್ದು ತೀರ ಅಲ್ಪ. ಸ್ಯಾನ್ ಡಿಯೇಗೊದ ಪ್ರಾಧ್ಯಾಪಕಿ ಜೋಆನ್ ಕಾರ್ನ್‌ವೆಲ್ ನ್ಯಾಯಾಲಯಕ್ಕೆ ಹೋದರು. ಇಂಥವರಿಗೆ ಆ ನಿಯಮವನ್ನು ಹೇರುವುದು ಸಂವಿಧಾನಕ್ಕೆ ವಿರುದ್ಧವೆಂದು ೧೯೯೯ರಲ್ಲಿ ತೀರ್ಪು ಬಂತು. ಆ ಸಂಸ್ಥಾನವೇ ೨೦೨೨ರಿಂದ ಕೇಶಪ್ರಸಾಧನದ ಒಟ್ಟು ಶಿಕ್ಷಣವನ್ನು ೧೦೦೦ ಗಂಟೆಗೆ ಇಳಿಸಿತು. ಇನ್ನೊಂದು ತುದಿಯಲ್ಲಿ ಬ್ರಿಟನ್ ಇದೆ. ಅಲ್ಲಿ ಕೇಶಪ್ರಸಾಧಕರ ನೋಂದಣಿಗೆ ೧೯೬೪ರಲ್ಲಿ ಒಂದು ಕಾನೂನೇನೋ ಆಯಿತು; ಬೇಕಾದವರು ಹೆಸರು ಬರೆಸಬಹುದು, ಬೇಡವಾದವರು ಬಿಡಬಹುದು. ಇಂಥ ಕಾನೂನನ್ನು ಏನೆಂದು ಕರೆಯಬೇಕೊ ನನಗೆ ತಿಳಿಯದು.

ನಮ್ಮಲ್ಲಿ ಸಾವಿರ ಗಂಟೆಯ ಗೋಡೆ ಕಟ್ಟಿದರೆ ಮೊದಲು ಹೊರಗುಳಿಯುವವರು ಯಾರು? ಎಸ್.ಎಸ್.ಎಲ್.ಸಿ. ಮುಗಿಸದೆ ಮದುವೆಯಾಗಿ, ಗಂಡ ಬಿಟ್ಟುಹೋಗಿ, ಒಂದು ಕೋಣೆ ಒಂದು ಕನ್ನಡಿ ಇಟ್ಟುಕೊಂಡು ಮಕ್ಕಳನ್ನು ಓದಿಸುತ್ತಿರುವವರು. ಮತ್ತು ತಲೆಮಾರುಗಳಿಂದ ಊರಿನ ತಲೆಯನ್ನು ಕಾಯುತ್ತ ಬಂದು, ಅದಕ್ಕೆ ಪ್ರತಿಯಾಗಿ ಊರಿನ ತಾತ್ಸಾರವನ್ನೇ ಉಂಡ ಕ್ಷೌರಿಕ ಬಂಧುಗಳು. ಅವರ ಕೈಯಿಂದ ಕತ್ತರಿ ಕಸಿದು, ಹವಾನಿಯಂತ್ರಿತ ಅಂಗಡಿಯ ಮಾಲೀಕನ ಕೈಗೆ ಕೊಡುವುದು ಸುರಕ್ಷಿತತೆಯಲ್ಲ. ನನ್ನ ಆಸೆ ಸಣ್ಣದು. ಕೂದಲು ಕತ್ತರಿಸುವ ಸೊಗಸು, ಮದುಮಗಳನ್ನು ಸಿಂಗರಿಸುವ ಚಾತುರ್ಯ, ಇವುಗಳನ್ನು ಸರ್ಕಾರ ಅಳೆಯಬೇಕಾಗಿಲ್ಲ, ಗಿರಾಕಿ ಅಳೆದುಕೊಳ್ಳುತ್ತಾಳೆ. ಗಿರಾಕಿ ಅಳೆಯಲಾರದ್ದು ಕಾಣದ ಅಪಾಯವನ್ನು. ಅಲಗು, ಟವಲ್, ತೊಟ್ಟಿ, ರಾಸಾಯನಿಕ, ಚೀಟಿ: ಇಷ್ಟರ ಬಗೆಗೆ ಕೆಲವು ದಿನಗಳ ಪಾಠ, ಕನ್ನಡದಲ್ಲಿ, ಬಾಯಿಮಾತಿನ ಪರೀಕ್ಷೆಯೊಂದಿಗೆ, ಪುಕ್ಕಟೆಯಾಗಿ, ಅದನ್ನು ಮುಗಿಸಿದವರಿಗೆ ಗೋಡೆಗೆ ತೂಗುಹಾಕಲು ಒಂದು ಪತ್ರ, ಆ ಪತ್ರವಿಲ್ಲದೆ ಬಣ್ಣ, ರಾಸಾಯನಿಕಗಳನ್ನು ಮುಟ್ಟಬಾರದೆಂಬ ಒಂದೇ ಕಟ್ಟಳೆ, ದೊಡ್ಡ ಅಂಗಡಿಗೂ ಸಣ್ಣದಕ್ಕೂ. ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುವುದಿಲ್ಲವೆ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಆಗಬಹುದು. ಆ ಭಯ ನನಗೂ ಇದೆ. ಆದರೆ ಅದೇ ಭಯದಿಂದ ನಾವು ವಾಹನ ಓಡಿಸುವವರಿಗೆ ಲೈಸೆನ್ಸು ಬೇಡವೆಂದು ಬಿಟ್ಟಿಲ್ಲ.

ಇನ್ನೊಂದು ಮಾತು ಇದರ ಜೊತೆಗೇ ಬರಬೇಕು. ೨೦೨೨ರಲ್ಲಿ ಅಮೆರಿಕ ತನ್ನ ಕಾನೂನನ್ನು ತಿದ್ದಿದಾಗ, ಪ್ರಸಾಧನ ವಸ್ತುವಿನಿಂದ ಯಾರಿಗಾದರೂ ಗಂಭೀರ ಹಾನಿಯಾದುದು ತಯಾರಕರಿಗೆ ತಿಳಿದುಬಂದರೆ ೧೫ ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ವರದಿ ಮಾಡಬೇಕೆಂದು ವಿಧಿಸಿತು. ನನ್ನ ತಂಗಿಯ ವಿಷಯದಲ್ಲಿ ವೈದ್ಯರು ಔಷಧಿ ಬರೆದರು, ನಾವು ಹಣ ಕೊಟ್ಟೆವು; ಅಲ್ಲಿಗೆ ಮುಗಿಯಿತು. ಅವಳ ಮುಖ ಮದುವೆಯ ಆಲ್ಬಮ್ಮಿನಲ್ಲೂ ಇಲ್ಲ, ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಗುಣವಾಗಲು ಮೂರು ವಾರ ಹಿಡಿಯಿತು. ಈಗ ಅವಳು ಕೂದಲನ್ನು ಬೆಳ್ಳಗೆ ಬಿಟ್ಟಿದ್ದಾಳೆ. "ಅಮ್ಮನ ಹಾಗೇ ಕಾಣ್ತೀನಲ್ಲ ಅಣ್ಣ?" ಎಂದು ಕನ್ನಡಿಯ ಮುಂದೆ ನಿಂತು ಕೇಳುತ್ತಾಳೆ. ಹೌದು, ಹಾಗೆಯೇ ಕಾಣುತ್ತಾಳೆ.

ಕಳೆದ ತಿಂಗಳು ಆ ಹೆಣ್ಣುಮಗಳು ಮನೆಗೆ ಬಂದಳು. ಅಂಗಡಿಯಲ್ಲಿ ತೂಗುಹಾಕಲು ಒಂದು ಸೂಚನೆ ಬರೆದುಕೊಡಬೇಕೆಂದಳು. ನಾನು ಬಹಳ ಆಲೋಚಿಸಿ, 'ಕೇಶರಂಜಕವನ್ನು ಲೇಪಿಸಿಕೊಳ್ಳಲಿಚ್ಛಿಸುವ ಮಹಿಳೆಯರು ಪೂರ್ವಭಾವಿಯಾಗಿ ಚರ್ಮದ ಸಂವೇದನಶೀಲತೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು' ಎಂದು ಬರೆದುಕೊಟ್ಟೆ. ಅವಳು ಓದಿದಳು, ಗೌರವದಿಂದಲೇ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಗುಲಾಬಿ ಪರದೆಯ ಪಕ್ಕದಲ್ಲಿ ರಟ್ಟಿನ ಹಲಗೆ. ಅವಳದೇ ಕೈಬರಹ: 'ಬಣ್ಣ ಹಾಕಿಸಿಕೊಳ್ಳುವವರು ಒಂದು ದಿನ ಮುಂಚೆ ಬನ್ನಿ. ಕಿವಿ ಹಿಂದೆ ಹಚ್ಚಿ ನೋಡಬೇಕು. ಪ್ರತಿ ಸಲವೂ.'

"ಗಿರಾಕಿಗಳು ಏನಂತಾರಮ್ಮ?" ಎಂದು ಕೇಳಿದೆ.

"ಒಂಬತ್ತು ಜನ ಪಕ್ಕದ್ದಕ್ಕೆ ಹೋದರು ಸಾರ್" ಎಂದಳು. "ಇಬ್ಬರು ಮಾರನೇ ದಿನ ಬಂದರು. ಅದರಲ್ಲಿ ಒಬ್ಬರ ಕಿವಿ ಹಿಂದೆ ಕೆಂಪಗಾಗಿತ್ತು."